ಸ್ಕ್ಯಾನ್ ಮಾಡಿಸುವ ಮುನ್ನ: ವಿಕಿರಣದ ಹೊರೆ ತಗ್ಗಿಸಲು ರೋಗಿಯೂ ಮನೆಯವರೂ ಮಾಡಬಹುದಾದದ್ದು

ಹೊಸನಗರದ ಒಳಹಳ್ಳಿಯೊಂದರಲ್ಲಿ ಹೊಟ್ಟೆನೋವೆಂದು ಮಲಗಿದ ರೋಗಿ ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ, ಅಲ್ಲಿಯೂ ಬಗೆಹರಿಯದಿದ್ದರೆ ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ, ಇಲ್ಲವೆ ಬೆಂಗಳೂರಿಗೋ ಹೋಗುವುದು ಮಲೆನಾಡಿನಲ್ಲಿ ವಾಡಿಕೆ. ಊರು ಬದಲಾದಂತೆ ವೈದ್ಯರೂ ಬದಲಾಗುತ್ತಾರೆ. ಹಿಂದೆ ತೆಗೆಸಿದ ಚಿತ್ರಗಳು ಕೈಯಲ್ಲಿ ಇಲ್ಲದಿದ್ದರೆ ಹೊಸ ವೈದ್ಯರು ಅದೇ ಹೊಟ್ಟೆಯ ಸಿ.ಟಿ. ಸ್ಕ್ಯಾನನ್ನು ಮತ್ತೊಮ್ಮೆ ಬರೆದುಕೊಡದೆ ಬೇರೆ ದಾರಿ ಇರುವುದಿಲ್ಲ. ರೋಗಿಯ ಮೇಲೆ ಬೀಳುವ ಅನಗತ್ಯ ವಿಕಿರಣದಲ್ಲಿ ರೋಗಿಯೇ ತಡೆಯಬಹುದಾದ ದೊಡ್ಡ ಪಾಲು ಇಂಥ ಪುನರಾವರ್ತನೆಯಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಯಾವ ಪರೀಕ್ಷೆಯಲ್ಲಿ ವಿಕಿರಣವಿದೆ ಎಂಬುದು ತಿಳಿದಿರಬೇಕು. ಅಲ್ಟ್ರಾಸೌಂಡ್ ಶಬ್ದತರಂಗದಿಂದಲೂ ಎಂ.ಆರ್.ಐ. ಕಾಂತಕ್ಷೇತ್ರ ಮತ್ತು ರೇಡಿಯೋ ತರಂಗಗಳಿಂದಲೂ ಕೆಲಸ ಮಾಡುವುದರಿಂದ ಅವೆರಡರಲ್ಲೂ ಎಕ್ಸ್‌ರೇ ಬಗೆಯ ವಿಕಿರಣ ಇಲ್ಲ. ಎಕ್ಸ್‌ರೇ, ಮ್ಯಾಮೊಗ್ರಾಮ್, ಆಂಜಿಯೋಗ್ರಾಮ್, ಸಿ.ಟಿ., ಪೆಟ್ ಸ್ಕ್ಯಾನ್ ಮತ್ತು ಬೋನ್ ಸ್ಕ್ಯಾನ್‌ಗಳಲ್ಲಿ ಇದೆ, ಆದರೆ ಪ್ರಮಾಣದಲ್ಲಿ ಬಹಳ ಅಂತರವಿದೆ. ಮಣ್ಣು, ಕಲ್ಲು, ಗಾಳಿ ಮತ್ತು ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ತಗಲುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನವಿದು). ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.02 ಮಿಲಿಸೀವರ್ಟ್, ಅಂದರೆ ಮೂರು ದಿನಗಳ ಸಹಜ ವಿಕಿರಣದಷ್ಟೇ. ತಲೆಯ ಸಿ.ಟಿ.ಗೆ ಸುಮಾರು 2, ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸಿ.ಟಿ.ಗೆ 8ರಿಂದ 10 ಮಿಲಿಸೀವರ್ಟ್ ಆಗುತ್ತದೆ. ಚಿತ್ರ ಸ್ಪಷ್ಟವಾಗಲೆಂದು ಕೊಡುವ ಔಷಧಿ ಚುಚ್ಚುವ ಮೊದಲು ಒಮ್ಮೆ, ಚುಚ್ಚಿದ ಮೇಲೆ ಮತ್ತೊಮ್ಮೆ ತೆಗೆದರೆ ಹೆಚ್ಚುಕಡಿಮೆ ಅದರ ಇಮ್ಮಡಿಯಾಗುತ್ತದೆ. ಆದ್ದರಿಂದ ಕೆಮ್ಮಿಗೆಂದು ತೆಗೆಯುವ ಎದೆಯ ಎಕ್ಸ್‌ರೇಗೆ ಹೆದರಿ ಕ್ಷಯದ ತಪಾಸಣೆಯನ್ನು ಮುಂದೂಡುವುದು ತಪ್ಪು. ವಿಚಾರ ಮಾಡಬೇಕಾದದ್ದು ಮುಖ್ಯವಾಗಿ ಸಿ.ಟಿ.ಯ ಬಗ್ಗೆ.

ಅಪಾಯ ಎಷ್ಟು? 10 ಮಿಲಿಸೀವರ್ಟ್ ವಿಕಿರಣದಿಂದ ಮುಂದೆ ಪ್ರಾಣಕ್ಕೆ ಎರವಾಗುವ ಕ್ಯಾನ್ಸರ್ ಬರುವ ಹೆಚ್ಚುವರಿ ಸಾಧ್ಯತೆ ಸುಮಾರು 2000ದಲ್ಲಿ ಒಂದು ಎಂಬುದು ಬಳಕೆಯಲ್ಲಿರುವ ಅಂದಾಜು. ಹೆಚ್ಚಿನ ಪ್ರಮಾಣದ ವಿಕಿರಣಕ್ಕೆ ಒಳಗಾದವರಲ್ಲಿ ಕಂಡದ್ದನ್ನು ಕಡಿಮೆ ಪ್ರಮಾಣಕ್ಕೆ ಅನ್ವಯಿಸಿ ಮಾಡಿದ ಲೆಕ್ಕವಿದು. ಒಬ್ಬ ವಯಸ್ಕನ ಒಂದು ಸ್ಕ್ಯಾನಿಗೆ ಇದು ಚಿಕ್ಕ ಸಂಖ್ಯೆ; ಮೇಲಿಂದ ಮೇಲೆ ಸ್ಕ್ಯಾನ್ ಆಗುವವರಿಗೆ, ಅದರಲ್ಲೂ ಮಕ್ಕಳಿಗೆ, ಗಮನಿಸಲೇಬೇಕಾದ ಸಂಖ್ಯೆ. ಕೊನೆ ತೆಗೆಯುವಾಗ ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾಗಿ ವಾಂತಿ ಮಾಡಿಕೊಳ್ಳುತ್ತಿರುವವರಿಗೆ, ಪಾರ್ಶ್ವವಾಯು ಬಡಿದವರಿಗೆ ವೈದ್ಯರು ಸಿ.ಟಿ. ಬೇಕೆಂದರೆ ಈ ಲೆಕ್ಕವನ್ನೆಲ್ಲ ಬದಿಗಿಟ್ಟು ಒಂದು ಕ್ಷಣವೂ ತಡಮಾಡದೆ ಒಪ್ಪಿಕೊಳ್ಳಬೇಕು.

ತುರ್ತಿಲ್ಲದ ಸಂದರ್ಭದಲ್ಲಿ ಮಾತ್ರ ಚೀಟಿ ಕೈಗೆ ಬಂದೊಡನೆ ಸ್ಕ್ಯಾನ್ ಸೆಂಟರಿಗೆ ಹೊರಡದೆ ಎರಡು ಮಾತು ಕೇಳಿ. “ಡಾಕ್ಟ್ರೇ, ಇದನ್ನು ಅಲ್ಟ್ರಾಸೌಂಡಿನಲ್ಲಿ ನೋಡಲು ಆಗುವುದಿಲ್ಲವೆ? ಹೋದ ತಿಂಗಳು ತೆಗೆಸಿದ್ದು ಸಾಕಾಗುವುದಿಲ್ಲವೆ?” ಹೀಗೆ ವಿನಯದಿಂದ ಕೇಳಿದರೆ ಬೇಸರಪಡುವ ವೈದ್ಯರು ವಿರಳ. ಮೂತ್ರಪಿಂಡದ ಕಲ್ಲಿಗೆ ಮೊದಲ ಸಲ ಸಿ.ಟಿ. ಬೇಕಾದರೂ ಕಲ್ಲು ಸರಿದಿದೆಯೇ ಎಂದು ನೋಡಲು ಪ್ರತಿಸಲವೂ ಅದೇ ಬೇಕೆಂದಿಲ್ಲ. ಅನೇಕರಿಗೆ ಅಲ್ಟ್ರಾಸೌಂಡ್ ಸಾಕಾಗುತ್ತದೆ, ಸಿ.ಟಿ.ಯೇ ಬೇಕೆಂದರೂ ಕಡಿಮೆ ಡೋಸ್‌ನಲ್ಲಿ ತೆಗೆಯುವ ವಿಧಾನವಿದೆ. ಗದ್ದೆ ತೋಟದ ಕೆಲಸದಿಂದ ಬಂದ ಸೊಂಟನೋವಿಗೆ, ಕಾಲಿನ ಬಲ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು ಅಥವಾ ಬಿದ್ದು ಪೆಟ್ಟಾದದ್ದು ಮುಂತಾದ ಅಪಾಯದ ಚಿಹ್ನೆಗಳು ಇಲ್ಲದಿದ್ದರೆ, ಮೊದಲ ಆರು ವಾರ ಸಾಮಾನ್ಯವಾಗಿ ಯಾವ ಸ್ಕ್ಯಾನೂ ಬೇಕಾಗುವುದಿಲ್ಲ. ಇನ್ನು ಯಾವ ತೊಂದರೆಯೂ ಇಲ್ಲದವರು ರಿಯಾಯಿತಿ ದರವೆಂದು ಇಡೀ ದೇಹದ ಸಿ.ಟಿ. ಮಾಡಿಸಿಕೊಳ್ಳುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮ್ಯಾಮೊಗ್ರಾಮ್ ಆ ಸಾಲಿಗೆ ಸೇರಿದ್ದಲ್ಲ. ವೈದ್ಯರು ಹೇಳಿದ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಅದನ್ನು ಮಾಡಿಸಿಕೊಳ್ಳಬೇಕು.

ಈಗ ಹಳೆಯ ಚಿತ್ರಗಳನ್ನು ಕಾಪಾಡುವ ವಿಷಯ. ಸಿ.ಟಿ.ಯಲ್ಲಿ ನೂರಾರು ಚಿತ್ರಗಳಿರುತ್ತವೆ. ಫಿಲ್ಮಿನ ಮೇಲೆ ಅಚ್ಚಾಗುವುದು ಅವುಗಳಲ್ಲಿ ಕೆಲವು ಮಾತ್ರ. ಟೈಪ್ ಮಾಡಿದ ವರದಿಯಲ್ಲಂತೂ ಚಿತ್ರವೇ ಇರುವುದಿಲ್ಲ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಮುಂದಿನ ವೈದ್ಯರಿಗೆ ಅದು ಬಹುತೇಕ ಉಪಯೋಗಕ್ಕೆ ಬಾರದು. ಆದ್ದರಿಂದ ಸ್ಕ್ಯಾನ್ ಸೆಂಟರಿನ ಕೌಂಟರ್ ಬಿಡುವ ಮೊದಲೇ ಎಲ್ಲ ಚಿತ್ರಗಳಿರುವ ಸಿ.ಡಿ. ಅಥವಾ ಪೆನ್‌ಡ್ರೈವ್ ಪ್ರತಿಯನ್ನು ಡೈಕಾಮ್ ರೂಪದಲ್ಲಿ, ಅಂದರೆ ಬೇರೆ ಆಸ್ಪತ್ರೆಯ ಕಂಪ್ಯೂಟರಿನಲ್ಲೂ ಮೂಲ ಚಿತ್ರಗಳಾಗಿಯೇ ತೆರೆಯುವ ರೂಪದಲ್ಲಿ, ಕೇಳಿ ಪಡೆಯಿರಿ. ಅದಕ್ಕೆ ಸ್ವಲ್ಪ ಹಣ ಕೇಳಿದರೂ ಕೊಡುವುದು ಲೇಸು. ಮನೆಗೆ ಬಂದ ಮೇಲೆ ಕಂಪ್ಯೂಟರ್ ಬಲ್ಲವರಿಂದ ಇನ್ನೊಂದು ಪ್ರತಿ ಮಾಡಿಸಿಡಿ, ಏಕೆಂದರೆ ಗೀರು ಬಿದ್ದ ಸಿ.ಡಿ. ಬೇಕಾದಾಗ ತೆರೆಯುವುದಿಲ್ಲ.

ಫಿಲ್ಮಿನ ವಿಷಯದಲ್ಲಿ ಮಲೆನಾಡಿನವರು ವಿಶೇಷ ಎಚ್ಚರ ವಹಿಸಬೇಕು. ಮಳೆಗಾಲದ ಥಂಡಿಗೆ ಕವರಿನೊಳಗಿನ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿಯುತ್ತವೆ. ಹಾಗಾಗದಿರಲೆಂದು ಅವುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಡಲು ಮನಸ್ಸಾಗುವುದು ಸಹಜ. ಆದರೆ ಈಗ ಬಳಕೆಯಲ್ಲಿರುವ ಫಿಲ್ಮುಗಳಲ್ಲಿ ಹೆಚ್ಚಿನವು ಶಾಖದಿಂದ ಚಿತ್ರ ಮೂಡುವ ಬಗೆಯವು; ಬಿಸಿ ತಾಗುತ್ತಿದ್ದರೆ ಬೆಳ್ಳಗಿರಬೇಕಾದ ಭಾಗವೂ ಕ್ರಮೇಣ ಕಪ್ಪಾಗಿ, ಮೂಳೆ ಯಾವುದು ಹಿನ್ನೆಲೆ ಯಾವುದು ಎಂದು ಬೇರ್ಪಡಿಸಲಾಗದ ಸ್ಥಿತಿಗೆ ಬರುತ್ತದೆ. ಕಾರಿನ ಗಾಜಿನ ಹಿಂದೆ ಬಿಸಿಲಿಗಿಟ್ಟರೂ ಅದೇ ಗತಿ. ನಡುಮನೆಯ ಬೀರುವಿನಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ, ಮಡಚದೆ ನಿಲ್ಲಿಸಿಟ್ಟರೆ ಸಾಕು.

ಸ್ಕ್ಯಾನ್ ಕೋಣೆಯಲ್ಲಿ ಚಿತ್ರ ಕೆಟ್ಟು ಮತ್ತೆ ತೆಗೆಯುವಂತಾಗದಿರುವುದೇ ಮುಖ್ಯ. ಕರಿಮಣಿ, ಓಲೆ, ಬೆಳ್ಳಿಯ ಉಡಿದಾರ, ತಾಯತ, ಹೇರ್‌ಪಿನ್, ಲೋಹದ ಕೊಕ್ಕೆಯಿರುವ ಒಳಉಡುಪು ಇವುಗಳಲ್ಲಿ ಚಿತ್ರ ತೆಗೆಯುವ ಭಾಗಕ್ಕೆ ಅಡ್ಡ ಬರುವುದನ್ನು ಮೊದಲೇ ತೆಗೆದು ಮನೆಯವರ ಕೈಗೆ ಕೊಡಿ. ತಾಳಿ ತೆಗೆಯಲು ಮನಸ್ಸು ಒಪ್ಪದಿದ್ದರೆ ಅದನ್ನು ಟೆಕ್ನೀಷಿಯನ್ನರಿಗೆ ಮುಂಚೆಯೇ ತಿಳಿಸಿದರೆ, ಸಾಧ್ಯವಿದ್ದಲ್ಲಿ ಅವರು ಪಕ್ಕಕ್ಕೆ ಸರಿಸಿ ಹೊಂದಿಸುತ್ತಾರೆ. ಉಸಿರು ಹಿಡಿಯಬೇಕಾದ ಪರೀಕ್ಷೆಯಾದರೆ ಹೊರಗೆ ಕುಳಿತಿರುವಾಗಲೇ ಹತ್ತು ಎಣಿಸುವವರೆಗೆ ಹಿಡಿದು ಅಭ್ಯಾಸ ಮಾಡಿಕೊಳ್ಳಿ. ರೋಗಿಯ ಜೊತೆ ನಾಲ್ಕಾರು ಮಂದಿ ಕೋಣೆಯೊಳಗೆ ನಿಲ್ಲುವುದು ಸಲ್ಲದು. ಹಿಡಿದುಕೊಳ್ಳಲು ಒಬ್ಬರು ಬೇಕೇಬೇಕೆಂದರೆ ಗರ್ಭಿಣಿಯಲ್ಲದವರು ಸೀಸದ ಏಪ್ರನ್ ತೊಟ್ಟು ನಿಲ್ಲಲಿ. ರೋಗಿಯ ಜನನಾಂಗದ ಮೇಲೆ ಸೀಸದ ತುಂಡು ಇಡಲಿಲ್ಲವೆಂದು ಮಾತ್ರ ಜಗಳಕ್ಕೆ ನಿಲ್ಲಬೇಡಿ. ಅದು ನೋಡಬೇಕಾದ ಭಾಗವನ್ನು ಮರೆಮಾಡಬಹುದು, ಯಂತ್ರವು ತಾನಾಗಿಯೇ ವಿಕಿರಣವನ್ನು ಹೆಚ್ಚಿಸಿಕೊಳ್ಳುವಂತೆಯೂ ಮಾಡಬಹುದು ಎಂಬ ಕಾರಣಕ್ಕೆ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲಿಯೇ ಆ ರೂಢಿಯನ್ನು ಕೈಬಿಡಲು ಹೇಳಿದೆ. ಯಂತ್ರವು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪಡೆದಿರಬೇಕೆಂಬ ನಿಯಮವಿದೆ. ಅನುಮತಿ ಪತ್ರ ತೋರಿಸಿ ಎಂದು ಕೇಳಲು ಹಿಂಜರಿಯಬೇಕಾಗಿಲ್ಲ.

ಮಕ್ಕಳ ಜೀವಕೋಶಗಳು ವೇಗವಾಗಿ ವಿಭಜನೆಯಾಗುವುದರಿಂದಲೂ ಮುಂದೆ ಬಾಳಬೇಕಾದ ವರ್ಷಗಳು ಹೆಚ್ಚಿರುವುದರಿಂದಲೂ ವಿಕಿರಣ ಅವರಿಗೆ ಹೆಚ್ಚು ತಟ್ಟುತ್ತದೆ. ದೊಡ್ಡವರ ಸೆಟ್ಟಿಂಗ್‌ನಲ್ಲಿಯೇ ಮಗುವಿನ ಸಿ.ಟಿ. ತೆಗೆದರೆ ಬೇಕಿಲ್ಲದಷ್ಟು ವಿಕಿರಣ ಬೀಳುತ್ತದೆ. ಮಗುವಿನ ವಯಸ್ಸನ್ನೂ ತೂಕವನ್ನೂ ಹೇಳಿ, ಅದಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಿದ್ದಾರೆಯೇ ಎಂದು ಕೇಳಿ. ಅಪೆಂಡಿಕ್ಸ್ ಸಂಶಯವಿದ್ದರೆ ಮಕ್ಕಳಿಗೆ ಮೊದಲು ಅಲ್ಟ್ರಾಸೌಂಡ್ ಮಾಡುವುದೇ ಸರಿಯಾದ ಕ್ರಮ. ಆಡುವಾಗ ಬಿದ್ದು ತಲೆಗೆ ಸಣ್ಣ ಪೆಟ್ಟಾದ ಮಗು ಎಂದಿನಂತೆ ಲವಲವಿಕೆಯಿಂದಿದ್ದರೆ ವೈದ್ಯರು ಕೆಲವು ಗಂಟೆ ನಿಗಾದಲ್ಲಿಟ್ಟು ನೋಡೋಣ ಎನ್ನಬಹುದು. ಆಗ ಸ್ಕ್ಯಾನ್ ಮಾಡಲೇಬೇಕೆಂದು ಒತ್ತಾಯಿಸಬಾರದು. ಗರ್ಭಿಣಿಯರು, ಮುಟ್ಟು ತಡವಾದವರೂ ಸೇರಿ, ಕೋಣೆಗೆ ಹೋಗುವ ಮೊದಲೇ ಹೇಳಬೇಕು. ಹಾಗೆಂದು ಗರ್ಭ ನಿಂತದ್ದು ತಿಳಿಯದೆ ಕೈಗೋ ಎದೆಗೋ ಎಕ್ಸ್‌ರೇ ತೆಗೆಸಿದ್ದರೆ ಗರ್ಭಪಾತದ ಯೋಚನೆ ಬೇಡ. ಶಿಶುವಿಗೆ ತಗಲಿದ್ದು 50 ಮಿಲಿಗ್ರೇಗಿಂತ (ದೇಹ ಹೀರಿಕೊಂಡ ವಿಕಿರಣದ ಮಾನ) ಕಡಿಮೆಯಿದ್ದಾಗ ಅಂಗವೈಕಲ್ಯ ಹೆಚ್ಚಿದ್ದು ಕಂಡುಬಂದಿಲ್ಲ, ಇಂಥ ಎಕ್ಸ್‌ರೇಗಳಲ್ಲಿ ಶಿಶುವನ್ನು ತಲುಪುವುದು ಅದರ ತೀರಾ ಅಲ್ಪ ಅಂಶ.

ಬೋನ್ ಸ್ಕ್ಯಾನ್‌ನಂಥ ಪರೀಕ್ಷೆಯಲ್ಲಿ ವಿಕಿರಣವಿರುವ ಔಷಧಿಯೇ ದೇಹದೊಳಗೆ ಹೋಗುತ್ತದೆ. ಅದರಲ್ಲಿ ಬಳಸುವ ಟೆಕ್ನೀಷಿಯಂ ಎಂಬ ವಸ್ತುವಿನ ವಿಕಿರಣ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ವೈದ್ಯರು ಬೇಡವೆನ್ನದಿದ್ದರೆ ಅಂದು ಚೆನ್ನಾಗಿ ನೀರು ಕುಡಿದು ಪದೇಪದೇ ಮೂತ್ರ ಮಾಡಬೇಕು, ಕೂಸುಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು. ಹಾಲೂಡಿಸುವ ತಾಯಂದಿರು ಚುಚ್ಚುವ ಮೊದಲೇ ತಿಳಿಸಬೇಕು.

ಕಡೆಯದಾಗಿ, ಸಿ.ಟಿ.ಯ ಚಿತ್ರಗಳ ಜೊತೆ ಸಾಮಾನ್ಯವಾಗಿ ಡೋಸ್ ರಿಪೋರ್ಟ್ ಎಂಬ ಒಂದು ಪುಟ ಇರುತ್ತದೆ. ಅದರಲ್ಲಿ ಡಿ.ಎಲ್.ಪಿ. ಎಂಬ ಸಂಖ್ಯೆಯನ್ನು, ಅಂದರೆ ಆ ಸ್ಕ್ಯಾನಿನಲ್ಲಿ ಯಂತ್ರ ಬಳಸಿದ ಒಟ್ಟು ವಿಕಿರಣದ ಅಳತೆಯನ್ನು, ಹುಡುಕಿ. ವಯಸ್ಕರ ಹೊಟ್ಟೆಯ ಸಿ.ಟಿ.ಯಾದರೆ ಅದನ್ನು 0.015ರಿಂದಲೂ ತಲೆಯದಾದರೆ 0.0021ರಿಂದಲೂ ಗುಣಿಸಿದಾಗ ಮಿಲಿಸೀವರ್ಟಿನ ಸ್ಥೂಲ ಲೆಕ್ಕ ಸಿಗುತ್ತದೆ: ಹೊಟ್ಟೆಯ ಸ್ಕ್ಯಾನಿನಲ್ಲಿ 600 ಎಂದಿದ್ದರೆ ಸುಮಾರು 9. ಈ ಡಿ.ಎಲ್.ಪಿ. ಸಂಖ್ಯೆ, ದಿನಾಂಕ, ದೇಹದ ಯಾವ ಭಾಗ, ಎಲ್ಲಿ ತೆಗೆದದ್ದು ಎಂಬುದನ್ನು ಫೈಲಿನ ಮೊದಲ ಹಾಳೆಯಲ್ಲಿ ಸಾಲಾಗಿ ಬರೆದಿಡಿ. ಸಣಕಲು ಮೈಯವರ ಹೊಟ್ಟೆಯ ಸ್ಕ್ಯಾನಿನಲ್ಲಿಯೂ ಸಂಖ್ಯೆ ಸಾವಿರ ದಾಟಿದ್ದರೆ, ಎಷ್ಟು ಸುತ್ತು ತೆಗೆದರು, ಮುಂದಿನ ಸಲ ಒಂದೇ ಸುತ್ತಿನಲ್ಲಿ ಮುಗಿಸಲು ಆಗುತ್ತದೆಯೇ ಎಂದು ರೇಡಿಯಾಲಜಿ ವೈದ್ಯರನ್ನೇ ಕೇಳಿ.