ಸೆರಗಿನ ನೆರಳಿನಲ್ಲಿದ್ದ ಕಣ್ಣುಗಳು

ಗದಗಿನ ನಮ್ಮ ಸ್ಟುಡಿಯೊಕ್ಕೆ ಹಿರಿಯರು ಬಂದು ತೆಗೆಸಿಕೊಳ್ಳುವುದು ಮುಂದೊಂದು ದಿನ ಹಾರ ಬೀಳುವ ಫೋಟೊ ಎಂಬುದು ಅವರಿಗೂ ಗೊತ್ತಿರುತ್ತದೆ, ನನಗೂ ಗೊತ್ತಿರುತ್ತದೆ. ಅದಕ್ಕೇ ಅವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಫ್ಲ್ಯಾಶ್ ಇಲ್ಲದೆ, ಒಂದೇ ಕಿಟಕಿಯ ಬೆಳಕಿನಲ್ಲಿ ಇಂಥವರ ಕಣ್ಣಿಗೆ ಜೀವ ತರಬಹುದೆಂದು ನಾನು ಹೇಳಿದಾಗ ಊರಿನ ಇತರ ಫೋಟೊಗ್ರಾಫರುಗಳು ನಕ್ಕಿದ್ದರು. ಈಗ ಅವರಲ್ಲಿಬ್ಬರು ನನ್ನ ಕಿಟಕಿಯ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಮೊದಲು ಹಣ ಹಾಳಾಯಿತು. 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದ ಕಣ್ಣುಗಳಿಗೇ ಹೆಸರಾದ ಅಫ್ಘನ್ ಬಾಲಕಿಯ ಫೋಟೊವನ್ನು ಛಾಯಾಗ್ರಾಹಕ ಸ್ಟೀವ್ ಮೆಕ್‌ಕರಿ 105 ಎಂಎಂ ಲೆನ್ಸಿನಲ್ಲಿ ತೆಗೆದದ್ದೆಂದು ಓದಿ, ಗುಟ್ಟೆಲ್ಲ ಲೆನ್ಸಿನಲ್ಲಿದೆ ಎಂದು ನಂಬಿ, ಸುಮಾರು 16 ಸಾವಿರ ಕೊಟ್ಟು ಅಂಥದ್ದೇ ಹಳೆಯ ಲೆನ್ಸೊಂದನ್ನು ಕೊಂಡೆ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬಿಡುವ ಕಿಂಡಿ, ಪೂರ್ತಿ ತೆರೆದು ತೆಗೆದಾಗ ಹತ್ತಿರದ ಕಣ್ಣು ಸ್ಪಷ್ಟವಾಗಿ ಬಂದು ಇನ್ನೊಂದು ಮಸುಕಾಯಿತು. ‘ನಮ್ಮಪ್ಪಗ ಪೊರೆ ಬಂದಿಲ್ಲರೀ’ ಎಂದು ಮಗ ಫೋಟೊ ಹಿಂದಿರುಗಿಸಿದ. ನಾಲ್ಕು ಸಾವಿರದ ರಿಂಗ್‌ಲೈಟ್ ಕಣ್ಣಗುಡ್ಡೆಯೊಳಗೆ ಬಿಳಿಯ ಬಳೆ ಕೂರಿಸಿತು. ಫೋಟೊಶಾಪಿನಲ್ಲಿ ಕಣ್ಣಿನ ಬಿಳುಪು ಹೆಚ್ಚಿಸಿ ನೋಡಿದೆ, ಅಜ್ಜಿಯರೆಲ್ಲ ಬೊಂಬೆಗಳಾದರು.

ತಪ್ಪು ಬೇರೆಡೆ ಇತ್ತು. ತಲೆಯ ಮೇಲೆ ಸೆರಗು ಅಥವಾ ಪಟಗಾ ಇರುವವರಿಗೆ ಏಳು ಅಡಿ ಎತ್ತರದಿಂದ ಬೆಳಕು ಬಿಟ್ಟರೆ ಹಣೆ ಬೆಳಗಿ ಕಣ್ಣು ಗುಳಿಯಲ್ಲಿ ಮುಳುಗುತ್ತದೆ. ಕಿಟಕಿಯ ಮೇಲಿನ ಅರ್ಧಕ್ಕೆ ಕಪ್ಪು ಬಟ್ಟೆ ಕಟ್ಟಿ, ಕೆಳಗಿನ ಅರ್ಧದ ಬೆಳಕಿಗೆ ಎದುರಾಗಿ ಕೂರಿಸಿ, ಬೆಳಕು ಮುಖಕ್ಕೆ ಪುಟಿಯಲೆಂದು ಮಡಿಲಿಗೆ 60 ರೂಪಾಯಿಯ ಥರ್ಮೋಕೋಲ್ ಹಾಳೆ ಇಟ್ಟ ದಿನ ಸೆರಗಿನೊಳಗಿನ ಕಪ್ಪು ಕಣ್ಣಿನಲ್ಲಿ ಕಿಟಕಿ ಹೊಳೆಯಿತು. ಕೆಳಗೆ ಥರ್ಮೋಕೋಲಿನ ಇನ್ನೊಂದು ಸಣ್ಣ ಹೊಳಪೂ ಬೀಳುತ್ತದೆ. ಅದನ್ನು ದೋಷವೆನ್ನುವವರಿದ್ದಾರೆ, ನಾನು ಅಳಿಸುವುದಿಲ್ಲ. ಅಪರ್ಚರ್ 4, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಐಎಸ್ಒ 1600ರ ಆಸುಪಾಸು ಇರುತ್ತದೆ. ಕನ್ನಡಕವಿದ್ದವರಿಗೆ ಗಾಜಿನ ಹೊಳಪು ತಪ್ಪಲೆಂದು ಅದರ ಕಡ್ಡಿಗಳನ್ನು ಕಿವಿಯಿಂದ ಕೂದಲೆಳೆಯಷ್ಟು ಮೇಲೆತ್ತಿಸುತ್ತೇನೆ.

ಉಡುಗೆಯೂ ಕಣ್ಣನ್ನು ಕಟ್ಟಿಹಾಕುತ್ತದೆಂದು ತಿಳಿಯಲು ಇನ್ನೊಂದು ವರ್ಷ ಬೇಕಾಯಿತು. ಸೊಸೆ ಆರಿಸಿದ ಹೊಸ ರೇಷ್ಮೆ ಸೀರೆಯಲ್ಲಿ ಬಂದ ಅಜ್ಜಿಯೊಬ್ಬರು ಅರ್ಧ ಗಂಟೆ ಸೀರೆಯನ್ನೇ ಕಾಯುತ್ತ ಕುಳಿತಿದ್ದರು. ಮರುದಿನ ನಿತ್ಯದ ಇಳಕಲ್ ಸೀರೆಯಲ್ಲಿ ಬಂದಾಗ ಕೈ ತಾನಾಗಿ ಸೆರಗು ಸರಿಪಡಿಸಿತು, ನೋಟ ನನ್ನ ಕಡೆ ತಿರುಗಿತು. ಅಷ್ಟು ಹೊತ್ತಿನಲ್ಲಿ ಬೇರೆಯವರು ಆರು ಜನರನ್ನು ಮುಗಿಸುತ್ತಾರೆ, ಆದ್ದರಿಂದ ನಾನು 700 ರೂಪಾಯಿ ತೆಗೆದುಕೊಳ್ಳುತ್ತೇನೆ.

ಬಿಡುವಿನಲ್ಲಿ ಸುಮಾರು 40 ಪ್ರಿಂಟುಗಳ ಮೂಗಿನಿಂದ ಕೆಳಗೆ ಕಾಗದ ಮುಚ್ಚಿ, ನಕ್ಕವರು ಯಾರು ಎಂದು ನಮ್ಮ ಹುಡುಗನನ್ನು ಕೇಳಿದೆ. ಮೂವತ್ತರಷ್ಟು ಸರಿ ಹೇಳಿದ. ತಪ್ಪಿದವು ಬಹುತೇಕ ನಾನು ‘ಸ್ವಲ್ಪ ನಗ್ರಿ’ ಎಂದು ಹೇಳಿ ತೆಗೆದವು. ಅವುಗಳಲ್ಲಿ ತುಟಿ ಮಾತ್ರ ನಕ್ಕಿತ್ತು, ಕೆಳರೆಪ್ಪೆ ಮೇಲೇರಿರಲಿಲ್ಲ. ಅಂದಿನಿಂದ ಆ ಮಾತು ಬಿಟ್ಟಿದ್ದೇನೆ. ಈಗ ಕಣ್ಣು ಮುಚ್ಚಿಸಿ ಒಂದು ಪ್ರಶ್ನೆ ಕೇಳಿ, ಅವರು ಕಣ್ಣು ತೆರೆದ ಕ್ಷಣಕ್ಕೇ ಒತ್ತುತ್ತೇನೆ. ಪ್ರಶ್ನೆ ಯಾವುದೆಂದು ಹೇಳಿದರೆ ನನ್ನ ಅಂಗಡಿ ನಡೆಯಬೇಕಲ್ಲ!

ಕಳೆದ ಸುಗ್ಗಿಯಲ್ಲಿ ಬಂದ ರೈತರೊಬ್ಬರು ಪ್ರಶ್ನೆಗೆ ಉತ್ತರಿಸದೆ ಕಣ್ಣು ತೆರೆದು, ‘ಮುಗೀತೇನು ತಮ್ಮಾ?’ ಎಂದರು. ಆ ನೋಟದ ಫೋಟೊದ ಐದು ಪ್ರತಿಗಳನ್ನು ಮಕ್ಕಳು ಒಯ್ದರು. ಅಜ್ಜ ಮಾತ್ರ ಪಟಗಾ ಓರೆಯಾಗಿದೆಯೆಂದು ಮತ್ತೊಮ್ಮೆ ತೆಗೆಸಿಕೊಂಡರು. ಆ ಎರಡನೆಯದು ಇನ್ನೂ ನನ್ನ ಕಪಾಟಿನಲ್ಲೇ ಇದೆ.