ಮೂರು ಅಯೋಡಿನ್ ಎದುರಿಗೆ ಒಂದು ಹೈಡ್ರೋಜನ್

ಲಿಡೋಕೇನ್ ಗೊತ್ತಲ್ವಾ, ಹಲ್ಲು ಕೀಳುವ ಮುಂಚೆ ಒಸಡು ಮರಗಟ್ಟಿಸಲು ಕೊಡುವ ಮದ್ದು. ಅದರ ಪಾಲಿಅಯೋಡೈಡ್ (ಹಲವು ಅಯೋಡಿನ್ ಪರಮಾಣು ಸೇರಿದ ಋಣ ಅಯಾನು) ಲವಣದ ಹರಳು ಬೆಳೆಸಿ, ಯಾವ ಪರಮಾಣು ಎಲ್ಲಿದೆ ಅಂತ ಎಕ್ಸ್‌ರೇಯಿಂದ ರಚನೆ ಬಿಡಿಸಲು ಕೂತೆ. ಸುಲಭ ಅಂದುಕೊಂಡಿದ್ದೆ. ಲಿಡೋಕೇನ್ ಹೈಡ್ರೋಕ್ಲೋರೈಡ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಜೊತೆ ಕರಗಿಸಿದ ಅಯೋಡಿನ್ ಹಾಕಿದರೆ ಮುಗೀತು, ಆಲ್ಕಲಾಯ್ಡ್ (ಗಿಡಗಳಲ್ಲಿ ಸಿಗುವ, ಸಾರಜನಕವಿರುವ ಪ್ರತ್ಯಾಮ್ಲ) ಪರೀಕ್ಷೆಯ ವ್ಯಾಗ್ನರ್ ರಿಏಜೆಂಟ್ ಅಂದ್ರೂ ಇದೇ. ಆದರೆ ಬಂದಿದ್ದು ಹರಳಲ್ಲ, ತಳದಲ್ಲಿ ಕಂದು ಎಣ್ಣೆ. ಎಥನಾಲ್ ಜಾಸ್ತಿ ಹಾಕಿ, ಬೆಚ್ಚಗೆ ಮಾಡಿ ಎಲ್ಲ ಕರಗಿಸಿ, ಮುಚ್ಚಳಕ್ಕೆ ಸೂಜಿಯಲ್ಲಿ ಒಂದೇ ತೂತು ಮಾಡಿ ಮೂಲೆಗಿಟ್ಟೆ. ಹತ್ತು ದಿನಕ್ಕೆ ಸೂಜಿ ಸೂಜಿಯಾಗಿ ಹರಳು ಬಿತ್ತು.

ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಕೆಳಗೆ ಒಂದು ಸೂಜಿಯನ್ನು ತಿರುಗಿಸಿದೆ. ಒಂದು ಕಡೆಗೆ ಕೆಂಪು ಹಳದಿ, ಕಾಲು ಸುತ್ತು ತಿರುಗಿಸಿದರೆ ಇಂಕಿನ ಹಾಗೆ ಕಪ್ಪು! 1852ರಲ್ಲಿ ಇಂಗ್ಲಿಷ್ ವೈದ್ಯ ಹೆರಪತ್ ಕ್ವಿನೈನ್ ಮತ್ತು ಅಯೋಡಿನ್‌ನಿಂದಾದ ಹರಳುಗಳಲ್ಲಿ ನೋಡಿದ್ದೂ ಇಂಥದ್ದನ್ನೇ.

ಮೊದಲ ಡೇಟಾ ಹಾಳಾಯಿತು. ಹರಳನ್ನು ಎಣ್ಣೆ ಹಚ್ಚದೆ, ಕೋಣೆಯ ಉಷ್ಣತೆಯಲ್ಲೇ ಸುಮ್ನೆ ಎಕ್ಸ್‌ರೇಗೆ ಒಡ್ಡಿದ್ದೆ. ಅಯೋಡಿನ್ ಆರಿಹೋಗಿ ಅಂಚು ಮಸುಕಾಯಿತು, ಹರಳು ಚದುರಿಸಿದ ಎಕ್ಸ್‌ರೇ ಚುಕ್ಕೆಗಳ ತೀವ್ರತೆ ಗಂಟೆಗಂಟೆಗೂ ಇಳಿಯಿತು. ಎರಡನೇ ಸಲ ಎಣ್ಣೆಯಲ್ಲಿ ಎತ್ತಿ 100 ಕೆಲ್ವಿನ್‌ಗೆ ತಂಪು ಮಾಡಿದೆ. ಮೋಲಿಬ್ಡಿನಂ ಕಿರಣವನ್ನೇ ಆರಿಸಿದೆ, ತಾಮ್ರದ ಕಿರಣವನ್ನು ಅಯೋಡಿನ್ ತುಂಬಾ ನುಂಗುತ್ತದೆ.

ಆದರೂ ಅಯೋಡಿನ್‌ಗೆ ಅಂಟಿಕೊಂಡಂತೆ ದೊಡ್ಡ ಉಳಿಕೆ ಶಿಖರಗಳು, ಅಂದ್ರೆ ಲೆಕ್ಕಕ್ಕೆ ಸಿಗದ ಎಲೆಕ್ಟ್ರಾನ್ ಗುಡ್ಡೆಗಳು. ಅವನ್ನು ಪರಮಾಣು ಅಂತ ನಂಬಿ ಒಂದು ದಿನ ಕಳೆದೆ, ನಗಬೇಡಿ. ಹರಳಿನ ಮುಖಗಳನ್ನು ಒಂದೊಂದಾಗಿ ಅಳೆದು ಹೀರಿಕೆಯ ತಿದ್ದುಪಡಿ (ಹರಳೇ ನುಂಗಿದ ಎಕ್ಸ್‌ರೇಯ ಲೆಕ್ಕ) ಮತ್ತೆ ಮಾಡಿದ ಮೇಲೆ ಅವು ಬಹುಪಾಲು ಕರಗಿಹೋದವು.

ಟ್ರೈಅಯೋಡೈಡ್ (ಮೂರು ಅಯೋಡಿನ್ ಸೇರಿದ ಋಣ ಅಯಾನು) ಹೌದೋ ಅಲ್ಲವೋ ಅನ್ನೋದನ್ನು ಪರಮಾಣುಗಳ ನಡುವಿನ ದೂರವೇ ಹೇಳುತ್ತದೆ. ಘನ ಅಯೋಡಿನ್‌ನಲ್ಲಿ ಬಂಧ ಸುಮಾರು 2.7 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದ್ರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ), ಟ್ರೈಅಯೋಡೈಡ್‌ನಲ್ಲಿ 2.9ರ ಆಸುಪಾಸು, ಸುಮ್ನೆ ಪಕ್ಕಪಕ್ಕ ಕೂತಿದ್ದರೆ 4ರ ಹತ್ತಿರ. ನನ್ನದರಲ್ಲಿ ಒಂದು ಬಂಧ 2.9ಕ್ಕಿಂತ ಚೂರು ಕಡಿಮೆ, ಇನ್ನೊಂದು ಚೂರು ಜಾಸ್ತಿ. ಮೂರೂ ಹೆಚ್ಚುಕಡಿಮೆ ನೇರ ಸಾಲಿನಲ್ಲಿದ್ದವು.

ನಿಜವಾದ ತಲೆನೋವು ಪ್ರೋಟಾನ್. ಒಂದು ಲಿಡೋಕೇನ್ ಅಣುವಿಗೆ ಒಂದು ಟ್ರೈಅಯೋಡೈಡ್ ಇದ್ದರೆ ಅದರ ಋಣ ಆವೇಶ ಸರಿದೂಗಿಸಲು ಲಿಡೋಕೇನ್ ಮೇಲೆ ಒಂದು ಪ್ರೋಟಾನ್ (ಹೈಡ್ರೋಜನ್ ಅಯಾನು) ಇರಲೇಬೇಕು, ಆದರೆ ಕಾಣಬೇಕಲ್ಲ! ಎಕ್ಸ್‌ರೇಗೆ ಕಾಣೋದು ಎಲೆಕ್ಟ್ರಾನ್. ಮೂರು ಅಯೋಡಿನ್‌ಗಳಲ್ಲಿ 159 ಎಲೆಕ್ಟ್ರಾನ್, ಇಡೀ ಲಿಡೋಕೇನ್‌ನಲ್ಲಿ 128. ಆ ಗದ್ದಲದಲ್ಲಿ ಒಂದು ಹೈಡ್ರೋಜನ್ ಎಲ್ಲಿ ಕೇಳಿಸಬೇಕು? ಕೊನೆಗೆ ಅಮೀನ್ ಸಾರಜನಕದ ಸುತ್ತ ಅಳೆದೆ. ಇಂಗಾಲದ ಬಂಧಗಳು 1.50 ಆಂಗ್‌ಸ್ಟ್ರಾಮ್‌ಗೆ ಉದ್ದವಾಗಿದ್ದವು, ಪ್ರೋಟಾನ್ ಸೇರದಿದ್ದರೆ 1.46-1.47 ಇರುತ್ತಿತ್ತು. ಹಾಗಾಗಿ ಹೈಡ್ರೋಜನ್ನನ್ನು ಅಲ್ಲೇ, ಲೆಕ್ಕದ ಜಾಗದಲ್ಲಿ ಕೂರಿಸಿದೆ.