ಮೇಸ್ತ್ರಿ ಕಾದು ಕುಳಿತ ಗಂಟೆಗಳು

ಒಂದೇ ತಿಂಗಳಲ್ಲಿ 7 ಜನ ಗಾರೆಯವರು ನನ್ನ ಕೆಲಸ ಬಿಟ್ಟು ಹೋದರು. ಎಲ್ಲ ಗುತ್ತಿಗೆದಾರರದೂ ಆಗ ಅದೇ ಗೋಳು: ಕೆಲಸ ಬೇಕಾದಷ್ಟಿದೆ, ಮಾಡುವ ಕೈಗಳಿಲ್ಲ. ಎಲ್ಲರಂತೆ ನಾನೂ ದಿನಗೂಲಿ ಏರಿಸಿದೆ. ಪಕ್ಕದ ಕಟ್ಟಡದವರು ನನಗಿಂತ ಸ್ವಲ್ಪ ಮೇಲಕ್ಕೆ ಹೋದರು. ಮತ್ತೆ ನಾನು, ಮತ್ತೆ ಅವರು. ಜನ ಮಾತ್ರ ನಿಲ್ಲಲಿಲ್ಲ.

ಹೊರಟು ನಿಂತಿದ್ದ ಹಿರಿಯ ಮೇಸ್ತ್ರಿಯೊಬ್ಬರನ್ನು ಕಾರಣ ಕೇಳಿದೆ. ಕರಣೆ, ತೂಗುಗುಂಡು, ರಸಮಟ್ಟಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಲೇ ಅವರು ಹೇಳಿದರು: "ನಿಮ್ಮ ಕೂಲಿಗೆ ಹೆಸರಿಡುವ ಹಾಗಿಲ್ಲ ಸಾರ್. ಆದರೆ ಕಳೆದ ತಿಂಗಳು ನನಗೆ ಬಿದ್ದ ಹಾಜರಿ 17. ಅಲ್ಲಿ ಕೂಲಿ ಕಡಿಮೆ, ಆದರೆ 25 ದಿನ ಕೆಲಸ ಇದೆ."

ಆ ರಾತ್ರಿ ಹಾಜರಿ ಪುಸ್ತಕ ತೆರೆದು ಕುಳಿತೆ. ಸಿಮೆಂಟ್ ಬಂದಿಲ್ಲ, ರಜೆ. ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟುವ ಅಚ್ಚು) ಮುಗಿದಿಲ್ಲ, ಅರ್ಧ ದಿನ. ಕಂಬಿ ತಡವಾಯಿತು, ರಜೆ. ಪುಟದ ತುಂಬ ನನ್ನದೇ ತಪ್ಪುಗಳು, ಕಳೆದುಕೊಂಡದ್ದು ಮಾತ್ರ ಅವರ ಕೂಲಿ.

ಮರುದಿನ ಮೊಬೈಲ್ ಪಕ್ಕಕ್ಕಿಟ್ಟು ಒಂದು ಗೋಡೆಯ ಎದುರು ಬೆಳಗಿನಿಂದ ಸಂಜೆಯವರೆಗೆ ಕುಳಿತೆ. ಎಷ್ಟೋ ವರ್ಷಗಳಿಂದ ಮಾಡದಿದ್ದ ಕೆಲಸವದು. ಇಟ್ಟಿಗೆ ಮುಗಿಯಿತೆಂದು ಮೇಸ್ತ್ರಿಯೇ ಕೆಳಗಿಳಿದು ಹೊತ್ತು ತಂದ. ಮರಳು ಜರಡಿ ಹಿಡಿದಿರಲಿಲ್ಲ, ಗಾರೆಗೆ ಕಾದ. ಸಾರುವೆಯ ಹಲಗೆ ಸರಿಸಲು ಜನವಿಲ್ಲ, ಮತ್ತೆ ಕಾದ. 8 ಗಂಟೆಗಳಲ್ಲಿ ಸುಮಾರು 3 ಗಂಟೆ ಅವನ ಕರಣೆ ಗೋಡೆಯನ್ನೇ ಮುಟ್ಟಲಿಲ್ಲ. ಅಂದರೆ 5 ಜನ ಮೇಸ್ತ್ರಿಗಳಲ್ಲಿ ಹೆಚ್ಚುಕಡಿಮೆ ಇಬ್ಬರನ್ನು ನಾನೇ ಸುಮ್ಮನೆ ಕೂರಿಸಿದ್ದೆ. ಊರೆಲ್ಲ ಹುಡುಕುತ್ತಿದ್ದ ಇಬ್ಬರು ನನ್ನ ಅಟ್ಟಣಿಗೆಯ ಮೇಲೆಯೇ ಇದ್ದರು.

ಅಂದಿನಿಂದ ಮೊದಲು ಬದಲಾದದ್ದು ಸಂಜೆಯ ಕೆಲಸ. ನಾಳೆಯ ಗೋಡೆಯ ಪಕ್ಕದಲ್ಲಿ ಇಂದೇ ಇಟ್ಟಿಗೆ ಜೋಡಿಸಬೇಕು, ನೆನೆಸಬೇಕು, ಮರಳು ಜರಡಿ ಹಿಡಿದಿರಬೇಕು. ಇದಕ್ಕಾಗಿ ಇಬ್ಬರು ಸಹಾಯಕರನ್ನು ಹೆಚ್ಚಿಗೆ ಇಟ್ಟುಕೊಂಡೆ. ಸಹಾಯಕರು ಸಿಗುವುದು ಮೇಸ್ತ್ರಿಗಳು ಸಿಗುವಷ್ಟು ಕಷ್ಟವಲ್ಲ. ಎರಡನೆಯದಾಗಿ, ಮಳೆಗೋ ಸಾಮಗ್ರಿ ತಡವಾದರೋ ಮಾಡಲೆಂದು ಒಳಗಿನ ಕೆಲಸವೊಂದನ್ನು ಸದಾ ಕಾಯ್ದಿಡುತ್ತೇನೆ: ಒಳಗೋಡೆಯ ಪ್ಲಾಸ್ಟರ್, ನೆಲದ ಕೆಲಸ, ಏನಾದರೂ ಸರಿ. ಅದೂ ಇಲ್ಲದೆ ಜನರನ್ನು ವಾಪಸು ಕಳಿಸಬೇಕಾಗಿ ಬಂದರೆ ಅರ್ಧ ಕೂಲಿ ನನ್ನ ಜೇಬಿನಿಂದ. ಈ ಅರ್ಧ ಕೂಲಿಯನ್ನು ಎರಡು ಸಲ ತೆತ್ತ ಮೇಲೆ ಸಿಮೆಂಟ್ ಮತ್ತು ಕಂಬಿಗೆ ಒಂದು ವಾರ ಮೊದಲೇ ಹೇಳುವುದು ತಾನಾಗಿಯೇ ಅಭ್ಯಾಸವಾಯಿತು.

ಬಟಾವಡೆ ಶನಿವಾರವೇ, ಅದೂ ಕೆಲಸ ಬಿಡುವ ಮೊದಲೇ. ಅಳತೆಯ ಮೇಲಿನ ಕೆಲಸವಾದರೆ ಟೇಪಿನ ಒಂದು ತುದಿಯನ್ನು ಮೇಸ್ತ್ರಿಯೇ ಹಿಡಿಯಬೇಕು. ಅಳತೆ, ದರ, ಮೊತ್ತಗಳನ್ನು ಬರೆದ ಚೀಟಿ ಅವರ ಕೈಯಲ್ಲಿರಬೇಕು. ಮುಂಗಡದ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ದೊಡ್ಡ ಮೊತ್ತ ಕೊಟ್ಟರೆ ಜನ ಉಳಿಯುತ್ತಾರೆಂದುಕೊಂಡಿದ್ದೆ. ಇಬ್ಬರು ನನ್ನನ್ನು ಕಂಡರೆ ದಾರಿ ಬದಲಿಸುವಂತಾದರು. ಉಳಿದೊಬ್ಬ ಸಾಲ ತೀರುವವರೆಗೆ ಮುಖ ಗಂಟಿಕ್ಕಿಕೊಂಡೇ ದುಡಿದ. ಸಾಲದಿಂದ ಕಟ್ಟಿಹಾಕಿ ದುಡಿಸಿಕೊಳ್ಳುವುದು ಜೀತದ ಅಣ್ಣನೋ ತಮ್ಮನೋ ಆಗುತ್ತದೆ ಎನ್ನುವುದು ನನಗೆ ತಡವಾಗಿ ಹೊಳೆಯಿತು. ಈಗ ಒಂದು ವಾರದ ಕೂಲಿಗಿಂತ ಹೆಚ್ಚು ಮುಂಗಡವಿಲ್ಲ.

ಕುಡಿಯುವ ನೀರು, ಶೌಚಾಲಯ, ಬಟ್ಟೆ ಬದಲಿಸುವ ಜಾಗ, ಊಟಕ್ಕೆ ನೆರಳು. ಕಟ್ಟಡ ಕೆಲಸದ ಸುರಕ್ಷತೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1988ರಲ್ಲಿ ಅಂಗೀಕರಿಸಿದ 167ನೆಯ ಒಡಂಬಡಿಕೆಯಲ್ಲಿ ಇವೆಲ್ಲವೂ ಇವೆ, ಹೆಂಗಸರಿಗೂ ಗಂಡಸರಿಗೂ ಪ್ರತ್ಯೇಕ ಶೌಚಾಲಯವೂ ಸೇರಿ. ನಾನು ಒದಗಿಸಿದ್ದು ಓದಿಕೊಂಡಲ್ಲ. ಟೈಲ್ಸ್ ಸಂದು ತುಂಬುತ್ತಿದ್ದ ಹೆಣ್ಣುಮಗಳೊಬ್ಬಳು ದಿನವಿಡೀ ನೀರನ್ನೇ ಕುಡಿಯುತ್ತಿರಲಿಲ್ಲ. ಕಾರಣ ತಿಳಿದಾಗ ತಲೆ ತಗ್ಗಿಸುವಂತಾಯಿತು. ಒಂದು ಬಾಗಿಲು, ಒಂದು ಚಿಲಕ, ಒಂದು ನೀರಿನ ಡ್ರಮ್ಮು, ಖರ್ಚು ಅಷ್ಟೇ.

ಅದೇ ಹೆಣ್ಣುಮಗಳು ಈಗ ಟೈಲ್ಸ್ ಹಾಕುತ್ತಾಳೆ. ಎಷ್ಟೋ ವರ್ಷ ಬಾಣಲಿ ಹೊತ್ತವರಿಗೆ ಕರಣೆ ಕೊಡಬಹುದೆಂದು ನಮಗೆ ತೋಚುವುದೇ ಇಲ್ಲ. ಆದರೆ ಕಲಿಸುವುದು ಯಾರು? ತನ್ನ ವಿದ್ಯೆ ಬಿಟ್ಟುಕೊಟ್ಟರೆ ತನ್ನ ಬೆಲೆ ಇಳಿಯುತ್ತದೆಂಬ ಅಂಜಿಕೆ ಹಳೆಯ ಮೇಸ್ತ್ರಿಗಳಿಗಿದೆ, ಅದರಲ್ಲಿ ತಪ್ಪೇನಿಲ್ಲ. ಅವರ ಕೂಲಿಯನ್ನು ಹಾಗೇ ಉಳಿಸಿ, ಶಿಷ್ಯರ ಕೆಲಸ ಪರೀಕ್ಷೆಯಲ್ಲಿ ಗೆದ್ದ ದಿನ ಗುರುವಿಗೆ ಪ್ರತ್ಯೇಕ ಹಣ ಎಂದು ಗೊತ್ತುಮಾಡಿದೆ. ಅವಳ ಮೊದಲ ಕೋಣೆಯ ಒಂದೊಂದು ಟೈಲನ್ನೂ ಅವಳ ಗುರುವೇ ನಾಣ್ಯದಿಂದ ತಟ್ಟಿ ನೋಡಿದರು. ಟೊಳ್ಳು ಸದ್ದು ಬಂದ 4 ಟೈಲುಗಳನ್ನು ಕೀಳಿಸಿದರು. ನಾನಾಗಿದ್ದರೆ 2 ಬಿಟ್ಟುಬಿಡುತ್ತಿದ್ದೆನೇನೋ.

ಹೊಸಬರನ್ನು ಸೇರಿಸಿಕೊಳ್ಳುವಾಗ ಈಗ ಮಾತು ಕಡಿಮೆ. ಪೂರ್ತಿ ಕೂಲಿ ಕೊಟ್ಟು ಒಂದು ದಿನ ಮೂಲೆಯಿರುವ ಗೋಡೆ ಕಟ್ಟಿಸುತ್ತೇನೆ. ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ ಅಡ್ಡಕ್ಕೆ 5 ಅಡಿ ಬರುತ್ತದೆಯೇ, ಅಂದರೆ ಮೂಲೆ ಲಂಬಕೋನವಾಗಿದೆಯೇ ಎಂದು ಅವನಾಗಿ ನೋಡುತ್ತಾನೆಯೇ? ವರಸೆ ವರಸೆಗೂ ನೇರ ಸಂದುಗಳು ಒಂದರ ಮೇಲೊಂದು ಬೀಳದಂತೆ ಕಟ್ಟುತ್ತಾನೆಯೇ? ಬೇಗ ಮುಗಿಸುವ ಹುಮ್ಮಸ್ಸಿನಲ್ಲಿ ಹಸಿ ಗೋಡೆಯನ್ನು ಒಂದೇ ದಿನ ಆಳೆತ್ತರ ಏರಿಸುತ್ತಾನೆಯೇ? ಸಂಜೆ ಕರಣೆ ತೊಳೆದಿಡುತ್ತಾನೆಯೇ? ಕೊನೆಯದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ, ಏಕೆಂದು ಕೇಳಿದರೆ ವಿವರಿಸಲಾರೆ.

ಹೊಸಬರಲ್ಲಿ ಬಹುಪಾಲು ಇರುವವರೇ ಕರೆತಂದವರು. ಕರೆತಂದವರಿಗೆ ಬಹುಮಾನವುಂಟು, ಆದರೆ ಹೊಸಬರು 3 ತಿಂಗಳು ನಿಂತ ಮೇಲೆ. ಇದರಲ್ಲೊಂದು ಅಪಾಯವಿದೆ. ಒಂದೇ ಬಳಗದ 6 ಜನ ಒಟ್ಟಿಗೆ ಬಂದರು, ಒಬ್ಬನಿಗೆ ಮೇಲ್ವಿಚಾರಕ ಗದರಿದನೆಂದು 6 ಜನರೂ ಒಟ್ಟಿಗೇ ಎದ್ದರು. ಅಂದು ಸ್ಲ್ಯಾಬ್ ಹಾಕುವ ದಿನ. ನೀರು ಬೆರೆಸಿದ ಕಾಂಕ್ರೀಟ್ ಯಾರ ರಾಜಿಗೂ ಕಾಯುವುದಿಲ್ಲ. ಎಲ್ಲರೆದುರು ಮೇಲ್ವಿಚಾರಕನಿಂದ ಕ್ಷಮೆ ಕೇಳಿಸಿದೆ, ನಾನೂ ಕೇಳಿದೆ, ಹೇಗೋ ಅಂದಿನ ಕೆಲಸ ಮುಗಿಯಿತು. ಈಗ ಯಾವ ಕೆಲಸವನ್ನೂ ಒಂದೇ ಬಳಗದ ಕೈಗೆ ಪೂರ್ತಿ ಒಪ್ಪಿಸುವುದಿಲ್ಲ.

ಕಂಬಿ ಕಟ್ಟುವವರ ಕೊರತೆ ಇನ್ನೂ ನೀಗಿಲ್ಲ. ಹೋದ ತಿಂಗಳು ಅವರಲ್ಲಿ ಇಬ್ಬರು ಬಿಟ್ಟರು. ಹೊರಡುವವರನ್ನೆಲ್ಲ ಕಾರಣ ಕೇಳಿ ಬರೆದಿಡುವ ಪುಸ್ತಕವೊಂದಿದೆ. ಒಬ್ಬನ ಹೆಸರಿನ ಮುಂದೆ "ಮನೆಗೆ ಹತ್ತಿರ" ಎಂದಿದೆ. ಇನ್ನೊಬ್ಬನ ಮುಂದೆ "ಸೆಂಟ್ರಿಂಗ್‌ಗೆ ಕಾದು 2 ದಿನ ಹೋಯಿತು" ಎಂದಿದೆ.